ಅಡ್ಡಾ ಕಾರ್ಮಿಕರ ನೋಂದಣಿ: ಶಿಬಿರಕ್ಕೆ ಆರೇಳು ತಿಂಗಳ ಮೊದಲೇ ಮಾಡಬೇಕಾದ ಕೆಲಸ

ಪುಣೆಯ ವಾರ್ಜೆ, ಕಾತ್ರಜ್, ಹಡಪ್ಸರ್, ಡಾಂಗೆ ಚೌಕದ ಮಜೂರ್ ಅಡ್ಡಾಗಳಲ್ಲಿ (ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ಜಾಗಗಳಲ್ಲಿ) ಬೆಳಿಗ್ಗೆ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಗೌಂಡಿ, ಬಿಗಾರಿ (ಗೌಂಡಿಯ ಕೈಯಾಳು), ಸೆಂಟ್ರಿಂಗ್, ಪ್ಲಾಸ್ಟರ್, ಟೈಲ್ಸ್ ಕೆಲಸದ ಈ ಜನ ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಹುಟ್ಟಿದ್ದು ಯಾವ ರಾಜ್ಯ ಎಂಬುದು ಅಡ್ಡಿಯಲ್ಲ. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 1996ರ ಕಾಯ್ದೆಯಿಂದ ಬಂದ ನಿಯಮ ಇದು.

ಈ ಹಕ್ಕನ್ನು ಕೊಡಿಸಲು ಕಾರ್ಮಿಕ ಸಂಘದ ಸ್ಥಳೀಯ ಸಮಿತಿಗಳು ಶಿಬಿರ ಇಡುತ್ತವೆ. ಬ್ಯಾನರ್ ಕಟ್ಟಿ, ಮೇಜು ಹಾಕಿ, ಒಂದೇ ದಿನ ರಾಶಿ ಅರ್ಜಿ ತುಂಬಿಸುತ್ತವೆ. ಆಮೇಲೆ ಅರ್ಜಿಗಳು ಒಂದೊಂದಾಗಿ ವಾಪಸು ಬರತೊಡಗುತ್ತವೆ. ಕಾರಣ ಸಾಮಾನ್ಯವಾಗಿ ಎರಡೇ: 90 ದಿನದ ಪ್ರಮಾಣಪತ್ರ ಸರಿಯಿಲ್ಲ, ಇಲ್ಲವೇ ಹೆಸರು ತಾಳೆಯಾಗಿಲ್ಲ. ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ಅದರ ಹಿಂದಿನ ತಯಾರಿಗೆ ಆರೇಳು ತಿಂಗಳು ಬೇಕು.

ಮೊದಲು ಕಾಲ, ವೇಳೆ

ಜೂನ್, ಜುಲೈನಲ್ಲಿ ಶಿಬಿರ ಇಡಬೇಡಿ. ಮಳೆಗೆ ಕೆಲಸ ಕಡಿಮೆ, ಜನ ಬಿತ್ತನೆಗೆಂದು ಊರಿಗೆ ಹೋಗಿರುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಬೆಳಿಗ್ಗೆ ಅಡ್ಡಾದಲ್ಲಿ ಮೇಜು ಹಾಕುವುದೂ ತಪ್ಪು. ಅದು ಠೇಕೇದಾರ (ಗುತ್ತಿಗೆದಾರ) ಬಂದು ಆಳು ಆರಿಸಿಕೊಳ್ಳುವ ವೇಳೆ. ನಿಮ್ಮ ಸಾಲಿನಲ್ಲಿ ನಿಂತವನ ಅಂದಿನ ಪಗಾರ ಹೋಗುತ್ತದೆ. ಬೆಳಿಗ್ಗೆ ಏನೇನು ತರಬೇಕೆಂಬ ಚೀಟಿ ಮಾತ್ರ ಹಂಚಿ. ಬರೆಯುವ ಕೆಲಸ ಸಂಜೆ, ಅವರ ವಸ್ತಿಯಲ್ಲೇ ಆಗಲಿ. ಚೀಟಿ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಓದು ಬಾರದವರಿಗೆ ಓದಿ ಹೇಳಲು, ‘ಅಕ್ಕಾ, ಅಣ್ಣಾ’ ಎಂದು ಕೂರಿಸಿ ಕೇಳಲು, ಅವರ ಕಡೆಯ ಮಾತು ಬಲ್ಲ ಒಬ್ಬರಾದರೂ ಬೇಕು. ಹೆಂಗಸರನ್ನು ಬಿಡಬೇಡಿ. ಬಿಗಾರಿ ಕೆಲಸಕ್ಕೆ ಗಂಡನ ಜೊತೆ ಹೋಗುವ ಹೆಂಡತಿಯೂ ತಾನೇ ಕಾರ್ಮಿಕಳು. ಅವಳ ಅರ್ಜಿ ಬೇರೆ, ಕಾರ್ಡ್ ಬೇರೆ.

ಹಾಜರಿ ಪುಸ್ತಕ

ಒಬ್ಬನೇ ಠೇಕೇದಾರನ ಕೈಕೆಳಗೆ ವರ್ಷವಿಡೀ ದುಡಿಯುವವನಿಗೆ 90 ದಿನ ತೋರಿಸುವುದು ಸುಲಭ. ಅಡ್ಡಾ ಕಾರ್ಮಿಕ ಸೋಮವಾರ ಒಬ್ಬನ ಹತ್ತಿರ, ಬುಧವಾರ ಇನ್ನೊಬ್ಬನ ಹತ್ತಿರ ದುಡಿಯುತ್ತಾನೆ. ವಾರಕ್ಕೆ ಮೂರು ನಾಲ್ಕು ದಿನ ಕೆಲಸ ಸಿಕ್ಕರೆ 90 ದಿನ ತುಂಬಲು ಸುಮಾರು 26 ವಾರ ಬೇಕು. ದಿನಗಳು ಎಡೆಬಿಡದೆ ಸಾಗಿರಬೇಕಿಲ್ಲ, ಒಬ್ಬನೇ ಮಾಲೀಕನ ಕೆಳಗಿರಬೇಕೆಂದೂ ಇಲ್ಲ. ಆದರೆ ಲೆಕ್ಕ ಬರಹದಲ್ಲಿರಬೇಕು.

ಅದಕ್ಕೆ ಶಿಬಿರಕ್ಕೆ ಆರೇಳು ತಿಂಗಳು ಇರುವಾಗಲೇ ಪ್ರತಿಯೊಬ್ಬರಿಗೂ ಜೇಬಿಗೆ ಹಿಡಿಸುವ, ರಟ್ಟಿನ ಹೊದಿಕೆಯ ಪುಸ್ತಕ ಕೊಡಿ. ನಾಯಕರ ಫೋಟೋ ಹಾಕಿ ಪುಕ್ಕಟೆ ಹಂಚುವ ತೆಳು ಡೈರಿ ಬೇಡ. ಸಿಮೆಂಟಿನ ಕೈ, ಬೆವರು ತಾಗಿ ವಾರದಲ್ಲಿ ಹಾಳೆ ಕಿತ್ತುಬರುತ್ತದೆ. ಜೆಲ್ ಪೆನ್ನೂ ಬೇಡ, ನೀರು ಬಿದ್ದರೆ ಅಳಿಸುತ್ತದೆ. ಸಾದಾ ಬಾಲ್ ಪೆನ್ ಸಾಕು. ಮೊಬೈಲಿನಲ್ಲಿ ಮಾತ್ರ ಬರೆದಿಡುವುದನ್ನು ನೆಚ್ಚಬೇಡಿ. ಪ್ರತಿ ದಿನಕ್ಕೆ ಒಂದು ಸಾಲು: ತಾರೀಕು, ಸಾಯಿಟಿನ ಜಾಗ, ಠೇಕೇದಾರ ಅಥವಾ ಮುಕಾದಮನ (ಆಳುಗಳ ಮೇಸ್ತ್ರಿಯ) ಹೆಸರು ಮತ್ತು ಫೋನ್, ಮಾಡಿದ ಕೆಲಸ, ಹಾಜರಿ, ಕೈಗೆ ಬಂದ ಹಣ. ವಾರದ ಖರ್ಚಿ (ಖರ್ಚಿನ ಹಣ) ಕೊಡುವ ದಿನ ಮುಕಾದಮನ ಸಹಿ ಅಲ್ಲೇ ಹಾಕಿಸಿಕೊಂಡರೆ ಪಗಾರದ ತಕರಾರಿಗೂ ಇದೇ ಪುಸ್ತಕ ಸಾಕ್ಷಿಯಾಗುತ್ತದೆ.

ಎಣಿಸುವಾಗ ಬಹಳ ಜನ ಎಡವುವುದು ಇಲ್ಲಿ: ಸ್ಲ್ಯಾಬ್ ಹಾಕಿದ ದಿನ ಎರಡು ಹಾಜರಿ (ಎರಡು ದಿನದ ಕೂಲಿ) ಸಿಕ್ಕಿರಬಹುದು, ಪಗಾರಕ್ಕೆ ಅದು ಎರಡು. 90ರ ಲೆಕ್ಕಕ್ಕೆ ಅದು ಒಂದೇ ದಿನ. 60 ದಿನ ದುಡಿದು 90 ಹಾಜರಿ ಗಳಿಸಿದವರು ಅರ್ಹರಲ್ಲ. ಅಂಥವರ ಅರ್ಜಿಯನ್ನು ತಡೆಹಿಡಿದು ಮುಂದಿನ ಸರದಿಗೆ ಇಡಿ. 100 ದಿನ ತುಂಬಿದ ಮೇಲೆಯೇ ಪ್ರಮಾಣಪತ್ರಕ್ಕೆ ಹೋಗುವುದು ಉತ್ತಮ. ನಾಲ್ಕು ದಿನ ತಳ್ಳಿಹಾಕಿದರೂ ಅರ್ಜಿ ಬೀಳುವುದಿಲ್ಲ.

ಪ್ರಮಾಣಪತ್ರ ಯಾರಿಂದ, ಹೇಗೆ

ಪ್ರಮಾಣಪತ್ರವನ್ನು ಠೇಕೇದಾರ ಅಥವಾ ಬಿಲ್ಡರ್ ಕೊಡಬಹುದು. ಅದಾಗದಿದ್ದರೆ ನಗರದಲ್ಲಿ ಮಹಾನಗರ ಪಾಲಿಕೆ, ಹಳ್ಳಿಯಲ್ಲಿ ಗ್ರಾಮಸೇವಕ. ಸಂಘದ ಲೆಟರ್‌ಹೆಡ್ಡಿನ ಪತ್ರ ಇದರ ಜಾಗಕ್ಕೆ ನಿಲ್ಲುವುದಿಲ್ಲ. ಅದನ್ನೇ ಲಗತ್ತಿಸಿ ಕಳಿಸುವ ಸಮಿತಿಗಳು ಜನರ ತಿಂಗಳುಗಳನ್ನು ಹಾಳು ಮಾಡುತ್ತವೆ.

ಠೇಕೇದಾರರು ಸಹಿಗೆ ಹೆದರುತ್ತಾರೆ. ನಾಳೆ ತನ್ನ ಮೇಲೆ ಸೆಸ್ (ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟುವ ಕರ) ಬೀಳುತ್ತದೆ ಎಂಬುದು ಅವರ ಭಯ. ಸಮಿತಿಯ ಹಿರಿಯರು ಹೋಗಿ ಬಿಡಿಸಿ ಹೇಳಬೇಕು: ಕಟ್ಟಡದ ವೆಚ್ಚದ ಮೇಲಿನ ಶೇ 1ರ ಸೆಸ್ಸಿಗೂ ಒಬ್ಬ ಬಿಗಾರಿಯ ಹೆಸರು ನೋಂದಣಿಯಾಗುವುದಕ್ಕೂ ಸಂಬಂಧವಿಲ್ಲ, ಯಾರೂ ನೋಂದಾಯಿಸದಿದ್ದರೂ ಅದನ್ನು ಕಟ್ಟಲೇಬೇಕು. ಇದನ್ನು ಸಾಯಿಟಿನಲ್ಲಿ ನಾಲ್ಕು ಜನರೆದುರು ಜಗಳದ ದನಿಯಲ್ಲಿ ಹೇಳಬೇಡಿ. ಸಂಜೆ ಕೂತು ಹೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ಒಪ್ಪದಿದ್ದರೆ, ಅಥವಾ ಹತ್ತಾರು ಜನರ ಹತ್ತಿರ ಚೂರುಪಾರು ಕೆಲಸ ಮಾಡಿದ್ದರೆ, ಹಾಜರಿ ಪುಸ್ತಕ ಹಿಡಿದು ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಕ್ಕೆ (ಆ ಭಾಗದ ಕಚೇರಿಗೆ) ಹೋಗುವುದೇ ದಾರಿ. ಅಲ್ಲಿಗೆ ಒಬ್ಬೊಬ್ಬರನ್ನೇ ಕಳಿಸಬೇಡಿ. ಹೆಸರುಗಳ ಪಟ್ಟಿ, ಪ್ರತಿ ಪುಸ್ತಕದ ಜೆರಾಕ್ಸ್, ಒಂದು ಮನವಿ ಕೊಟ್ಟು ದಿನ ನಿಗದಿ ಮಾಡಿಸಿಕೊಳ್ಳಿ. ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ (ಮೊಹರು) ಬೀಳದೆ ಕಿಟಕಿ ಬಿಡಬೇಡಿ.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಕೆಲಸದ ಬಗೆ, ಜಾಗ, ಎಂದಿನಿಂದ ಎಂದಿನವರೆಗೆ, ಕೊಟ್ಟವರ ಹೆಸರು, ಸಹಿ, ಶಿಕ್ಕಾ ಎಲ್ಲ ಇದೆಯೇ? ಕಚೇರಿಯ ಪತ್ರವಾದರೆ ಜಾವಕ ಸಂಖ್ಯೆ (ಕಚೇರಿಯಿಂದ ಹೊರಹೋಗುವ ಪತ್ರಕ್ಕೆ ಹಾಕುವ ನಂಬರು) ಮತ್ತು ತಾರೀಕು ಇದೆಯೇ? ಆನ್‌ಲೈನ್ ಅರ್ಜಿ ಅದನ್ನು ಕೇಳುತ್ತದೆ. ಇಲ್ಲದಿದ್ದರೆ ಮತ್ತೆ ಅದೇ ಕಿಟಕಿಗೆ ಅಲೆಯಬೇಕು. ಶಿಕ್ಕಾ ಸಹಿಯ ಮೇಲೆ ಬಿದ್ದು ಎರಡೂ ಕಲಸಿದ್ದರೆ ಇನ್ನೊಂದು ಪ್ರತಿ ಕೇಳಿ. ಖಾಲಿ ಹಾಳೆಗೆ ಸಹಿ ಮಾಡಿಸಿಟ್ಟುಕೊಳ್ಳುವುದು, ಏಜೆಂಟರು ಮಾರುವ ಶಿಕ್ಕಾ ಹೊಡೆದ ಪತ್ರ ಕೊಳ್ಳುವುದು ಎರಡೂ ಕೂಡದು. ಇಲ್ಲದ ಠೇಕೇದಾರನ ಹೆಸರು ಒಂದು ಅರ್ಜಿಯಲ್ಲಿ ಸಿಕ್ಕಿಬಿದ್ದರೆ ಅದರ ಜೊತೆ ಬಂದ ನಿಜವಾದ ಅರ್ಜಿಗಳ ಮೇಲೂ ಅನುಮಾನ ಬೀಳುತ್ತದೆ.

ಹೆಸರಿನ ತಾಳೆ

ಕರ್ನಾಟಕದಲ್ಲಿ ಮಾಡಿಸಿದ ಆಧಾರಿನಲ್ಲಿ ‘ಶರಣಪ್ಪ’ ಎಂದಷ್ಟೇ ಇರಬಹುದು. ಇಲ್ಲಿಯ ಅರ್ಜಿ ಹೆಸರು, ತಂದೆ ಅಥವಾ ಗಂಡನ ಹೆಸರು, ಆಡನಾಮ (ಮನೆತನದ ಅಡ್ಡಹೆಸರು) ಎಂದು ಮೂರು ಕೇಳುತ್ತದೆ. ತುಂಬುವವರು ಊರಿನ ಹೆಸರನ್ನೋ ಮುಕಾದಮ ಕರೆಯುವ ಹೆಸರನ್ನೋ ಆಡನಾಮವಾಗಿ ಸೇರಿಸಿಬಿಡುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯ ರೂಪ ಇರುತ್ತದೆ. ಮಲ್ಲಮ್ಮ, ಭೀಮಾಬಾಯಿ ಎಂಬ ಹೆಸರುಗಳ ಇಂಗ್ಲಿಷ್ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಬಗೆ. ಮದುವೆಗೆ ಮೊದಲು ಆಧಾರ್ ಮಾಡಿಸಿದ ಹೆಂಗಸರಿಗೆ ತಂದೆಯ ಹೆಸರೇ ಉಳಿದಿರುತ್ತದೆ.

ಆಧಾರನ್ನು ಮೂಲವೆಂದು ಹಿಡಿಯಿರಿ. ಅದರಲ್ಲಿರುವ ಅಕ್ಷರವನ್ನೇ ಪ್ರಮಾಣಪತ್ರಕ್ಕೂ ಬರೆಸಿ. ಪಾಸ್‌ಬುಕ್ ಬೇರೆಯಾಗಿದ್ದರೆ ಬ್ಯಾಂಕಿನಲ್ಲಿ ಮೊದಲು ಸರಿಮಾಡಿಸಿ. ಆಧಾರಿನಲ್ಲಿ ಹುಟ್ಟಿದ ವರ್ಷ ಮಾತ್ರ ಇದ್ದರೆ ಪೂರ್ತಿ ತಾರೀಕು ಹಾಕಿಸಿಕೊಂಡೇ ಮುಂದೆ ಹೋಗಿ. ಒಟಿಪಿ ಬರುವ ಮೊಬೈಲ್ ನಂಬರು ಕಾರ್ಮಿಕನದೇ ಆಗಿರಲಿ. ಸಮಿತಿಯ ಕಾರ್ಯಕರ್ತನ ನಂಬರು ಹಾಕುವುದು ಆ ದಿನಕ್ಕೆ ಸಲೀಸು, ಆದರೆ ಮುಂದೆ ಪ್ರತಿ ಸವಲತ್ತಿಗೂ ಆ ಬಡವ ಅವನ ಬಾಗಿಲು ಕಾಯಬೇಕಾಗುತ್ತದೆ.

ಕರ್ನಾಟಕದ ಮಂಡಳಿಯ ಕಾರ್ಡ್ ಮೊದಲೇ ಇದ್ದರೆ ಎರಡೂ ಕಡೆ ಇಟ್ಟುಕೊಳ್ಳಬೇಡಿ ಎಂದು ತಿಳಿಹೇಳಿ. 2021ರಲ್ಲಿ ಬಂದ ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವುದು) ಬೇರೆಯದು. ಅದನ್ನು ತೋರಿಸಿ ‘ನಮ್ಮದು ಆಗ್ಯದ’ ಎನ್ನುವವರನ್ನೂ ಕೂರಿಸಿ ಕೇಳಿ.

ಅರ್ಜಿ, ಶುಲ್ಕ

ಇನ್ನುಳಿದದ್ದು ಸರಳ. ದಾಖಲೆಗಳನ್ನು ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ ಫೋಟೋ ತೆಗೆದು ಮಂಡಳಿಯ ಜಾಲತಾಣದಲ್ಲಿ ಏರಿಸಿ. ನೋಂದಣಿಗೆ, ವರ್ಷದ ವಂತಿಗೆಗೆ ಮಂಡಳಿ ಗೊತ್ತುಮಾಡಿದ ಶುಲ್ಕ ಎಷ್ಟೆಂದು ಅಲ್ಲೇ ನೋಡಿಕೊಳ್ಳಿ. ಇದನ್ನು ದೊಡ್ಡ ಅಕ್ಷರದಲ್ಲಿ ಮೇಜಿನ ಮುಂದೆ ಅಂಟಿಸಿ. ಮಂಡಳಿ ಕೊಡುವ ಪಾತ್ರೆ ಸೆಟ್ ಕೊಡಿಸುತ್ತೇವೆಂದು ಹಣ ಕೀಳುವ ಏಜೆಂಟರು ಶಿಬಿರದ ಸುತ್ತ ಸುಳಿಯುತ್ತಾರೆ. ನಿಮ್ಮ ಸಮಿತಿಯವರೇ ‘ಚಹಾಪಾಣಿ’ ಕೇಳಿದರೆ ಅಂದೇ ಮೇಜಿನಿಂದ ಎಬ್ಬಿಸಿ.

ಸವಲತ್ತು ವಿವರಿಸುವಾಗ ಪಾತ್ರೆಯಿಂದ ಶುರುಮಾಡಬೇಡಿ. ಮಕ್ಕಳ ಓದಿಗೆ 1ರಿಂದ 7ನೇ ತರಗತಿವರೆಗೆ ವರ್ಷಕ್ಕೆ ₹2,500, 8ರಿಂದ 10ಕ್ಕೆ ₹5,000 ಇದೆ. ಶಾಲೆಯ ಹಾಜರಿ ಶೇ 75 ಇರಬೇಕು. ಕೆಲಸದಲ್ಲಿರುವಾಗ ಸಾವಾದರೆ ವಾರಸುದಾರರಿಗೆ ₹5 ಲಕ್ಷ. ಆದ್ದರಿಂದ ವಾರಸುದಾರರ ಹೆಸರನ್ನು ಕೇಳಿ ಬರೆಯಿರಿ, ಊಹಿಸಿ ತುಂಬಬೇಡಿ.

ನವೀಕರಣದ ವಹಿ

ಕಾರ್ಡ್ ಬಂದ ಮೇಲೆ ಸಮಿತಿಗಳು ಕೈತೊಳೆದುಕೊಳ್ಳುವುದೇ ದೊಡ್ಡ ಅನ್ಯಾಯ. ಪ್ರತಿ ವರ್ಷ ನವೀಕರಣ ಆಗಬೇಕು, ಅದಕ್ಕೂ ಹೊಸದಾಗಿ 90 ದಿನದ ಪ್ರಮಾಣಪತ್ರ ಬೇಕು. ಕಾರ್ಡ್ ಇದೆಯೆಂದು ನಂಬಿಕೊಂಡ ಮನೆಗೆ ಅದರ ಅವಧಿ ಮುಗಿದದ್ದು ಗೊತ್ತಾಗುವುದು ಪರಾಂಚಿಯಿಂದ (ಕಟ್ಟಡದ ಅಟ್ಟಣಿಗೆಯಿಂದ) ಬಿದ್ದವನ ಕಾಗದ ಹುಡುಕುವಾಗ. ಸಮಿತಿಯಲ್ಲಿ ತಿಂಗಳಿಗೊಂದು ಪುಟದ ವಹಿ ಇಡಿ. ಯಾರ ಕಾರ್ಡ್ ಯಾವ ತಿಂಗಳು ಮುಗಿಯುತ್ತದೋ ಆ ಪುಟದಲ್ಲಿ ಅವರ ಹೆಸರು, ವಸ್ತಿ, ಫೋನ್ ಇರಲಿ. ಎರಡು ತಿಂಗಳು ಮುಂಚೆ ಫೋನ್ ಮಾಡಿ. ಜೂನ್, ಜುಲೈನಲ್ಲಿ ಅವಧಿ ಮುಗಿಯುವವರ ಪ್ರಮಾಣಪತ್ರಗಳನ್ನು ಅವರು ಬಿತ್ತನೆಗೆ ಬಸ್ಸು ಹತ್ತುವ ಮುಂಚೆ, ಏಪ್ರಿಲ್‌ನಲ್ಲೇ ಮಾಡಿಸಿಡಿ.