ನೋಡಿದ ಸಿನಿಮಾದ ಬಗ್ಗೆ ನಾಲ್ಕು ಸಾಲು ಬರೆಯುವುದು ಹೇಗೆ?

ಸಿನಿಮಾ ನೋಡಿದ ದಿನವೇ ಬರೆಯಿರಿ, ಬೇರೆಯವರ ವಿಮರ್ಶೆ ಓದುವ ಮೊದಲು. ನಾನು ಕುಂಬಳೆಯವಳು. ಮಂಗಳೂರಿನಲ್ಲಿ ಸಿನಿಮಾ ನೋಡಿ ಬರುವಾಗ ರೈಲಿನಲ್ಲೇ ಫೋನಿನಲ್ಲಿ ಟೈಪ್ ಮಾಡುತ್ತೇನೆ. ಉಪ್ಪಳ ದಾಟುವಷ್ಟರಲ್ಲಿ ಮುಖ್ಯವಾದದ್ದು ಬರೆದಾಗಿರುತ್ತದೆ.

ಕಥೆ ಹೇಳಬೇಡಿ, ಅದು ಎಲ್ಲ ಕಡೆ ಸಿಗುತ್ತದೆ. ನಿಮಗೆ ಎಲ್ಲಿ ನಗು ಬಂತು, ಎಲ್ಲಿ ಬೋರಾಯಿತು, ಅದನ್ನು ಬರೆಯಿರಿ. ‘ಚೆನ್ನಾಗಿದೆ’ ಅಂದರೆ ಸಾಲದು, ಯಾಕೆ ಅಂತಲೂ ಬೇಕು. 2025ರ ‘ಸು ಫ್ರಮ್ ಸೋ’ ನೋಡಿ ನಾನು ಬರೆದದ್ದು ಹೀಗೆ: “ಅಶೋಕನ ಮೈಮೇಲೆ ಸುಲೋಚನಾ ಬಂದಿದ್ದಾಳೆ ಅಂತ ಊರಿಡೀ ನಂಬಿದ ಮೇಲೆ ನನ್ನ ನಗು ನಿಲ್ಲಲಿಲ್ಲ. ಇಲ್ಲಿ ಯಾರೂ ಸುಮ್ನೆ ನಿಂತಿಲ್ಲ. ನಮ್ಮ ಕಡೆಯ ಮದುವೆ ಮನೆಯ ಹಾಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದೆ.” ನಿರ್ದೇಶಕ ಜೆ.ಪಿ. ತುಮಿನಾಡು ನಮ್ಮ ಮಂಜೇಶ್ವರದ ಕಡೆಯವರು ಎಂಬ ಖುಷಿಯನ್ನೂ ಸೇರಿಸಿದೆ. ಅಂಥ ಪ್ರೀತಿ ಇದ್ದರೆ ಮುಚ್ಚಿಡಬೇಡಿ. ನೀವು ಯಾವ ಊರಿನ ಕಣ್ಣಿನಿಂದ ನೋಡಿದಿರಿ ಅಂತ ಓದುವವರಿಗೆ ಗೊತ್ತಾಗಬೇಕು, ಅಲ್ವಾ?

ಸಣ್ಣ ಪಾತ್ರದವರ ಹೆಸರು ಹುಡುಕಿ ಬರೆಯಿರಿ. ಇದು ನನಗೆ ತುಂಬಾ ಮುಖ್ಯ. 2022ರ ಮಲಯಾಳಂ ಸಿನಿಮಾ ‘ನ್ನಾ ತಾನ್ ಕೇಸ್ ಕೊಡ್’ನಲ್ಲಿ ರಸ್ತೆಗುಂಡಿಯ ವಿಷಯ ಕೋರ್ಟಿಗೆ ಹೋಗುತ್ತದೆ. ನಾಯಕ ಕುಂಚಾಕೊ ಬೋಬನ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನನ್ನ ಮನಸ್ಸು ಗೆದ್ದವರು ಮ್ಯಾಜಿಸ್ಟ್ರೇಟ್ ಆದ ಪಿ.ಪಿ. ಕುಂಞಿಕೃಷ್ಣನ್.

ಸ್ಟಾರ್ ಕೊಡುವುದು ಬೇಡ. ಕ್ಲೈಮ್ಯಾಕ್ಸ್ ಹೇಳಬೇಡಿ. ವಾರ ಬಿಟ್ಟು ಕೆಳಗೆ ಇನ್ನೊಂದು ಸಾಲು ಸೇರಿಸಿ: ಯಾವ ದೃಶ್ಯ ಇನ್ನೂ ನೆನಪಿದೆ?