ಹೈಪೋಥೈರಾಯ್ಡಿಸಮ್ ಇರುವವರಿಗೆ ಎದೆ ಡವಡವ ಹೊಡೆದುಕೊಂಡರೆ

ಎದೆಬಡಿತದ ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ ಅಥವಾ ಕಣ್ಣು ಕತ್ತಲಿಟ್ಟು ಬೀಳುವಂತಾದರೆ ಮುಂದೆ ಓದುತ್ತ ಕೂರದೆ 108ಕ್ಕೆ ಕರೆ ಮಾಡಿ.

ಹೈಪೋಥೈರಾಯ್ಡಿಸಮ್ ಎಂದರೆ ಥೈರಾಯ್ಡ್ ಹಾರ್ಮೋನಿನ ಕೊರತೆ; ಆ ಹಾರ್ಮೋನ್ ಕಡಿಮೆಯಾದಾಗ ನಾಡಿ ಸಾಮಾನ್ಯವಾಗಿ ನಿಧಾನವಾಗುತ್ತದೆ. ಆದ್ದರಿಂದ ಆ ಕೊರತೆ ತುಂಬಲು ಕೊಡುವ ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರ ಎದೆ ಹೊಡೆದುಕೊಳ್ಳತೊಡಗಿದರೆ, ಮಾತ್ರೆಯ ಪ್ರಮಾಣ ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದೆಯೇ ಎಂದು ಮೊದಲು ಅನುಮಾನಿಸಬೇಕು. ತೂಕ ಬಹಳ ಇಳಿದಿದ್ದರೆ, ಇಲ್ಲವೇ ಗರ್ಭಿಣಿಯಾಗಿದ್ದಾಗ ಹೆಚ್ಚಿಸಿದ ಪ್ರಮಾಣವನ್ನು ಹೆರಿಗೆಯ ನಂತರವೂ ಹಾಗೆಯೇ ಮುಂದುವರಿಸಿದ್ದರೆ ಹೀಗಾಗುವುದುಂಟು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಬಡಿತ ಜೋರಾದಾಗ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ವಿಶ್ರಾಂತಿಯಲ್ಲಿ 60ರಿಂದ 100 ಸಹಜ. ಸಂಖ್ಯೆಯಷ್ಟೇ ಅಲ್ಲ, ಬಡಿತ ಒಂದೇ ಲಯದಲ್ಲಿದೆಯೇ, ತಪ್ಪುತ್ತಿದೆಯೇ ಎಂಬುದನ್ನೂ ಬರೆದಿಡಿ. ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್; ಮಾತ್ರೆ ಹೆಚ್ಚಾದರೆ ರಕ್ತಪರೀಕ್ಷೆಯಲ್ಲಿ ಇದು ಇಳಿಯುತ್ತದೆ. ಟಿಎಸ್‌ಎಚ್ ತೀರಾ ಕಡಿಮೆಯಾದ, 60 ವರ್ಷ ದಾಟಿದವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯತಪ್ಪಿದ ಬಡಿತದ ಅಪಾಯ ಹೆಚ್ಚು; ಇದನ್ನು ಖಚಿತಪಡಿಸಲು ಇಸಿಜಿ ಬೇಕು.

ರಕ್ತಪರೀಕ್ಷೆಯ ವಿಷಯದಲ್ಲಿ ಹಲವರು ಎಡವುವುದು ಒಂದು ಕಡೆ. ಕೂದಲು ಉದುರುತ್ತದೆಂದು ನುಂಗುವ ಬಯೋಟಿನ್ ಮಾತ್ರೆಯು ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನ್ ಆದ ಟಿ4 ಅನ್ನು ಹೆಚ್ಚು ಎಂದು ತೋರಿಸಬಲ್ಲದು. ಅಂಥ ವರದಿಯನ್ನು ನಂಬಿ ಲೆವೊಥೈರಾಕ್ಸಿನ್ ಪ್ರಮಾಣ ಇಳಿಸಿದರೆ ಇದ್ದ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ, ಹೆಚ್ಚಿನ ಪ್ರಮಾಣದ್ದಾದರೆ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ. ಲೆವೊಥೈರಾಕ್ಸಿನ್ ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್ ನೆಲೆಗೊಳ್ಳಲು 6ರಿಂದ 8 ವಾರ ಹಿಡಿಯುವುದರಿಂದ, ಅದಕ್ಕೂ ಮುನ್ನ ಆತುರದಿಂದ ಮಾಡಿಸಿದ ಪರೀಕ್ಷೆ ಗೊಂದಲವನ್ನಷ್ಟೇ ಹೆಚ್ಚಿಸುತ್ತದೆ.

ಲೆವೊಥೈರಾಕ್ಸಿನ್ ಮಾತ್ರೆಯನ್ನು ದಿನವೂ ಒಂದೇ ರೀತಿಯಲ್ಲಿ, ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಬೆಳಗಿನ ಫಿಲ್ಟರ್ ಕಾಫಿಯನ್ನು ಮುಂದೂಡುವುದು ನಮ್ಮವರಿಗೆ ಕಷ್ಟವೇ, ಆದರೂ ಇದರಲ್ಲಿ ರಿಯಾಯಿತಿಯಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ.

ಟಿಎಸ್‌ಎಚ್ ಸರಿಯಿದ್ದೂ ಎದೆ ಹೊಡೆದುಕೊಳ್ಳುತ್ತಿದ್ದರೆ ಕಾರಣ ಬೇರೆಡೆ ಇರಬಹುದು. ಥೈರಾಯ್ಡ್ ಕೊರತೆಯಲ್ಲಿ ಮುಟ್ಟಿನ ಸ್ರಾವ ಅತಿಯಾಗಿ ರಕ್ತಹೀನತೆ ಬರುವುದು ಅಪರೂಪವಲ್ಲ. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ವಿಟಮಿನ್ ಬಿ12 ನೋಡಿಸಿ. ಬಡಿತ ಬಂದು ಹೋಗುವಂಥದ್ದಾದರೆ ಒಂದು ದಿನ ಅಥವಾ ಹೆಚ್ಚು ಕಾಲ ಧರಿಸುವ, ಬಡಿತವನ್ನು ದಾಖಲಿಸುತ್ತಲೇ ಇರುವ ಹೋಲ್ಟರ್ ಯಂತ್ರ ಅದನ್ನು ಹಿಡಿಯಬಲ್ಲದು. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಮನೆಯವರ ಪೆಟ್ಟಿಗೆಯಿಂದ ತೆಗೆದು ನುಂಗಬಾರದು, ಆಸ್ತಮಾ ಇರುವವರಿಗಂತೂ ಅದು ಅಪಾಯ. ಹೃದ್ರೋಗವಿದ್ದು ಹೊಸದಾಗಿ ಲೆವೊಥೈರಾಕ್ಸಿನ್ ಆರಂಭಿಸುವವರಿಗೆ ವೈದ್ಯರು ದಿನಕ್ಕೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಮೊದಲುಮಾಡಿ ನಿಧಾನವಾಗಿ ಏರಿಸುವುದೂ ಎದೆಯ ಮೇಲೆ ಹೊರೆ ಬೀಳದಿರಲೆಂದೇ.