ಹನ್ನೆರಡು ಹನಿ

ಬೆಂಗಳೂರಿನ ಒಂದು ಮಾಲಿಕ್ಯುಲರ್ ಲ್ಯಾಬಿನಲ್ಲಿ ನನ್ನ ಕೆಲಸ. ಸ್ತನ ಕ್ಯಾನ್ಸರ್ ಮೂಳೆಗೋ ಲಿವರ್‌ಗೋ ಹರಡಿದವರ ರಕ್ತದಲ್ಲಿ, ಸಾಯುವ ಗೆಡ್ಡೆಕೋಶಗಳು ಉದುರಿಸಿದ ಡಿಎನ್ಎ ಚೂರುಗಳನ್ನು ಹುಡುಕುವುದು. ಎಲ್ಲರೂ ಯಂತ್ರದ ಬಗ್ಗೆ ಕೇಳುತ್ತಾರೆ. ನನಗೆ ತಲೆನೋವು ಟ್ಯೂಬಿನದು.

ಕಳೆದ ವರ್ಷದ ಒಂದು ಕೇಸು. ಬೆನ್ನುಮೂಳೆಗೆ ಹರಡಿ ಲೆಟ್ರೊಜೋಲ್ ಮಾತ್ರೆಯಲ್ಲಿದ್ದ ಹೆಂಗಸು. ಸ್ಕ್ಯಾನಿನಲ್ಲಿ ರೋಗ ಮತ್ತೆ ಬೆಳೆದಿತ್ತು. ಡಾಕ್ಟರು ಈಸ್ಟ್ರೋಜನ್ ರಿಸೆಪ್ಟರ್ ತಯಾರಿಸುವ ಇಎಸ್ಆರ್1 ಜೀನಿನ ಪರೀಕ್ಷೆ ಬರೆದಿದ್ದರು. ಲೆಟ್ರೊಜೋಲ್, ಇಂಥ ಕ್ಯಾನ್ಸರನ್ನು ಬೆಳೆಸುವ ಈಸ್ಟ್ರೋಜನ್ ಹಾರ್ಮೋನಿನ ತಯಾರಿಯನ್ನು ತಡೆಯುತ್ತದೆ. ಆದರೆ ಈ ಜೀನ್ ಕೆಟ್ಟರೆ (ಮ್ಯುಟೇಶನ್), ಈಸ್ಟ್ರೋಜನ್ ಇಲ್ಲದೆಯೂ ಅದರ ಸಂಕೇತ ಹಿಡಿಯುವ ರಿಸೆಪ್ಟರ್ ಚಾಲೂ ಇರುತ್ತದೆ. ಅಮೆರಿಕದಲ್ಲಿ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕ ಎಲಾಸೆಸ್ಟ್ರಾಂಟ್ ಇಂಥವರಿಗಾಗಿಯೇ ಇರುವ ಮಾತ್ರೆ.

ರಕ್ತ ಬಂದದ್ದು ಮಾಮೂಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ, ಬೇರೆ ಊರಿಂದ ಕೊರಿಯರಿನಲ್ಲಿ, ತೆಗೆದು ಮೂವತ್ತು ತಾಸಾದ ಮೇಲೆ. ಅದರ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ನಾಲ್ಕಾರು ತಾಸಿನೊಳಗೆ ಬೇರೆಯಾಗಬೇಕು. ವಾಪಸು ಕಳಿಸಬೇಕಿತ್ತು, ‘ಬಂದದ್ದು ಬಂದಿದೆ, ನೋಡೋಣ’ ಎಂದು ಹಚ್ಚಿದ್ದು ನನ್ನ ತಪ್ಪು. ಮಿಲಿಲೀಟರಿಗೆ 60 ನ್ಯಾನೋಗ್ರಾಂ ಡಿಎನ್ಎ! ಆದರೆ ಚೂರುಗಳ ಉದ್ದವನ್ನು ಬೇಸ್ ಎಂಬ ಕೊಂಡಿಗಳಲ್ಲಿ ಅಳೆಯುವ ಗ್ರಾಫಿನಲ್ಲಿ, ಸತ್ತ ಕೋಶಗಳ ಚೂರು ಇರುವ 167 ಬೇಸ್‌ಗಳ ಹತ್ತಿರ ಏಳಬೇಕಾದ ಗುಡ್ಡ ಚಿಕ್ಕದು, ಸಾವಿರಾರು ಬೇಸ್‌ಗಳ ಕಡೆ ದೊಡ್ಡ ಬೆಟ್ಟ. ಬಿಳಿ ರಕ್ತಕಣಗಳು ದಾರಿಯಲ್ಲೇ ಒಡೆದು ತಮ್ಮ ಡಿಎನ್ಎ ಸುರಿದಿದ್ದವು. ಮ್ಯುಟೇಶನ್ ‘ಕಂಡಿಲ್ಲ’. ಕೊಡಗಟ್ಟಲೆ ನೀರು ಹೊಯ್ದು ಹಾಲಲ್ಲಿ ಕೆನೆಯಿಲ್ಲ ಅಂದ ಹಾಗೆ.

ರಿಪೋರ್ಟಿಗೆ ಸಹಿ ಹಾಕಲಿಲ್ಲ. ಆಕೆಯನ್ನೇ ಕರೆಸಿದೆವು.

“ಮೊನ್ನೆ ತಾನೆ ಕೊಟ್ಟಿದ್ನಲ್ಲಮ್ಮ?”

“ಅದು ದಾರೀಲೇ ಕೆಟ್ಟಿತ್ತಮ್ಮ.”

ಆಪರೇಷನ್ ಆದ ಕಡೆಯ ಕೈಗೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಇನ್ನೊಂದು ಕೈಯ ರಕ್ತನಾಳ ಕೀಮೋದಿಂದ ಸೊರಗಿತ್ತು. ಮೂರನೇ ಸಲಕ್ಕೆ ಸಿಕ್ಕಿತು. ಈ ಸಲ ರಕ್ತಕಣ ಒಡೆಯದಂತೆ ಕಾಯುವ ಸ್ಟ್ರೆಕ್ ಟ್ಯೂಬು, ಎರಡು.

1,600 ಜಿಯಲ್ಲಿ (ಭೂಮಿಯ ಸೆಳೆತದ 1,600 ಪಟ್ಟು) 10 ನಿಮಿಷ ತಿರುಗಿಸಿ, ಬಿಳಿಕಣಗಳ ಪದರ ಅಲುಗದಂತೆ ಮೇಲಿನ ಪ್ಲಾಸ್ಮಾ ಎಳೆದುಕೊಂಡೆ. ಕೊನೆಯ ಅರ್ಧ ಸೆಂಟಿಮೀಟರಿಗೆ ಆಸೆಪಡಬಾರದು. ಹೊಸ ಹುಡುಗರು ಎಡವುವುದೇ ಅಲ್ಲಿ. ಆಮೇಲೆ 16,000 ಜಿಯಲ್ಲಿ ಇನ್ನೊಮ್ಮೆ. ಸಿಕ್ಕಿದ್ದು ಮಿಲಿಲೀಟರಿಗೆ 6 ನ್ಯಾನೋಗ್ರಾಂ, ಗುಡ್ಡ 167ರಲ್ಲೇ. ಅದರಲ್ಲಿ 10 ನ್ಯಾನೋಗ್ರಾಂ ಪರೀಕ್ಷೆಗೆ ತೆಗೆದುಕೊಂಡೆ, ಎಂದರೆ ಆ ಜೀನಿನ ಸುಮಾರು 3,000 ಪ್ರತಿ. ಹನಿ ಹನಿಯಲ್ಲೂ ಡಿಎನ್ಎ ಬೆಳೆಸಿ ನೋಡುವ ಡ್ರಾಪ್ಲೆಟ್ ಪಿಸಿಆರ್ ಯಂತ್ರ ಅದನ್ನು ಸುಮಾರು 20,000 ಹನಿಗಳಾಗಿ ಒಡೆಯಿತು. ಇಎಸ್ಆರ್1ರ ಡಿ538ಜಿ ಎಂಬ ಮ್ಯುಟೇಶನ್ ಹೊಳೆದದ್ದು 12 ಹನಿಗಳಲ್ಲಿ; 3,000 ಪ್ರತಿಯಲ್ಲಿ 12, ಅಂದರೆ 0.4 ಪರ್ಸೆಂಟ್. ಜೊತೆಗೆ ಓಡಿಸಿದ ಆರೋಗ್ಯವಂತರ ರಕ್ತದಲ್ಲಿ ಒಂದೂ ಇಲ್ಲ. ನಂಬದೆ ಮತ್ತೆ ಓಡಿಸಿದೆ: 11.

ಆಕೆಯ ಮಗ ಫೋನ್ ಮಾಡಿದ. “0.4 ಪರ್ಸೆಂಟ್ ಅಂದ್ರೆ ಕಾಯಿಲೆ ಕಮ್ಮಿ ಅಂತಲಾ ಮೇಡಂ?” ಅಲ್ಲ ಎಂದೆ. ಗೆಡ್ಡೆ ಎಷ್ಟು ಉದುರಿಸುತ್ತದೆ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ; ಒಂದೇ ಅಂಕಿ ಇಟ್ಟುಕೊಂಡು ಕಾಯಿಲೆ ಅಳೆಯಲಾಗದು, ಮುಂದಿನ ಸಲದ್ದರ ಜೊತೆ ಹೋಲಿಸಬೇಕು.

ಆ ಆಸ್ಪತ್ರೆಗೆ ಸ್ಟ್ರೆಕ್ ಟ್ಯೂಬಿನ ಡಬ್ಬಿ ಕಳಿಸಿ, ‘ಫ್ರಿಜ್ಜಿನಲ್ಲಿ ಇಡಬೇಡಿ’ ಎಂದು ಕನ್ನಡದಲ್ಲೇ ಚೀಟಿ ಅಂಟಿಸಿದೆ. ಮುಂದಿನ ಸ್ಯಾಂಪಲ್ ಸರಿಯಾದ ಟ್ಯೂಬಿನಲ್ಲೇ ಬಂತು, ಐಸ್ ಪ್ಯಾಕಿನ ಮಧ್ಯೆ.